ಕಡಲಿಗೆ ಗೊಬ್ಬರ ಎಲ್ಲಿಂದ ಬರುತ್ತದೆ?

ಜರಗನಹಳ್ಳಿ ಒಂದು ಕಾಲಕ್ಕೆ ಬೆಂಗಳೂರಿನ ದಕ್ಷಿಣಕ್ಕಿದ್ದ ಹಳ್ಳಿ. ಈಗ ನಗರದೊಳಗೆ ಸೇರಿಹೋಗಿದೆ. ಈ ಊರಿಗೂ ಕಡಲಿಗೂ ಏನು ಸಂಬಂಧವೆಂದು ರೈತ ಬಾಂಧವರು ಕೇಳಬಹುದು. ಸಂಬಂಧವಿದೆ. ಬೆಂಗಳೂರು ದಿಣ್ಣೆಯ ಮೇಲಿರುವ ಊರು. ಅದರ ಪಶ್ಚಿಮದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಎರಡರ ಕೊನೆಯೂ ಬಂಗಾಳ ಕೊಲ್ಲಿಯೇ. ನೀರಿನೊಂದಿಗೆ ಊರಿನ ಕೊಳಚೆ, ಹೊಲದ ಗೊಬ್ಬರಗಳೂ ಹೊರಡುತ್ತವೆ. ಕೆರೆ, ಅಣೆಕಟ್ಟುಗಳಲ್ಲಿ ಒಂದಿಷ್ಟು ತಂಗುತ್ತದೆ. ಉಳಿದದ್ದು ಕಡಲು ಸೇರುತ್ತದೆ.

ಕಡಲಿನಲ್ಲೂ ಪೈರು

ಕಡಲಿನ ಪೈರು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ನಮ್ಮ ಪೈರಿನಂತೆಯೇ ಈ ಪಾಚಿಗೂ ಬಿಸಿಲು, ಸಾರಜನಕ, ರಂಜಕ ಬೇಕು. ಕೆಲವು ಬಗೆಯವಕ್ಕೆ ಸಿಲಿಕಾ ಕೂಡ ಬೇಕು. ಉಷ್ಣವಲಯದಲ್ಲಿ ಬಿಸಿಲಿಗೆ ಬರವಿಲ್ಲ, ಕೊರತೆ ಇರುವುದು ಗೊಬ್ಬರಕ್ಕೆ. ಮೇಲಿನ ಬೆಚ್ಚನೆಯ ನೀರು ಹಗುರ, ಕೆಳಗಿನ ತಣ್ಣನೆಯ ನೀರು ಭಾರ. ಆದ್ದರಿಂದ ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಸತ್ತ ಜೀವಿಗಳ ಸಾರವೆಲ್ಲ ತಳದಲ್ಲೇ ಉಳಿಯುತ್ತದೆ. ನೀಲಿಯಾಗಿ ತಿಳಿಯಾಗಿ ಕಾಣುವ ನಡುಗಡಲು ಬಹುಮಟ್ಟಿಗೆ ಬಂಜರು ಎಂದೇ ತಿಳಿಯಬೇಕು.

ಮೂರು ದಾರಿಗಳು

ನಮ್ಮ ಕರಾವಳಿಯ ಅರಬ್ಬಿ ಸಮುದ್ರ ಹಾಗಲ್ಲ. ಅಲ್ಲಿಗೆ ಗೊಬ್ಬರ ಮುಖ್ಯವಾಗಿ ಮೂರು ದಾರಿಗಳಿಂದ ಬರುತ್ತದೆ.

ಮೊದಲನೆಯದು ಕಡಲಿನ ಆಳ. ಮುಂಗಾರಿನಲ್ಲಿ ಗಾಳಿ ಮತ್ತು ಪ್ರವಾಹಗಳಿಂದ ಮೇಲಿನ ನೀರು ದಡದಿಂದ ದೂರ ಸರಿದು, ತಳದ ತಣ್ಣನೆಯ ನೀರು ಸಾರದೊಂದಿಗೆ ಮೇಲೇಳುತ್ತದೆ. ನೆಲವನ್ನು ಆಳವಾಗಿ ಉತ್ತು ಮಗುಚಿದಂತೆ. ಬೂತಾಯಿ, ಬಂಗುಡೆ ಮೀನುಗಳ ಸುಗ್ಗಿಗೆ ಇದೇ ಬುನಾದಿ.

ಎರಡನೆಯದು ನದಿಗಳು. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ಎಲೆಗೊಬ್ಬರವನ್ನೂ ಕಲ್ಲು ಸವೆದು ಬರುವ ಸಿಲಿಕಾವನ್ನೂ ಹೊತ್ತು ತರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರುಗಳು ಕೆಸರನ್ನು ತಡೆದು ನಿಲ್ಲಿಸುತ್ತವೆ.

ಮೂರನೆಯದು ಗಾಳಿ. ಗದ್ದೆಗೆ ಬಿಡುವ ನೀಲಿಹಸಿರು ಪಾಚಿಯನ್ನು ನೀವು ಬಲ್ಲಿರಿ. ಅದರ ಜಾತಿಯದೇ ಒಂದು ಪಾಚಿ ಬೇಸಿಗೆಯಲ್ಲಿ ಪಶ್ಚಿಮ ಕರಾವಳಿಯ ನೀರಿನಲ್ಲಿ ಹುಲುಸಾಗಿ ಬೆಳೆದು, ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ.

ಅತಿಯಾದರೆ ವಿಷ

ಪಾಚಿ ಮಿತಿಮೀರಿ ಬೆಳೆದು ಸತ್ತು ಕೊಳೆತಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ತಳದಿಂದ ಏಳುವ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಪಶ್ಚಿಮ ಕರಾವಳಿಯಲ್ಲಿ ಈ ಕೊರತೆ ತೀವ್ರವಾಗುತ್ತಿದೆ, ಹೊಲಗಳಿಂದ ಕೊಚ್ಚಿಹೋಗುವ ಸಾರಜನಕವೂ ಇದಕ್ಕೆ ಕಾರಣವಿರಬಹುದು ಎಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲೇ ಎಚ್ಚರಿಸಿದರು. ಉಸಿರುಗಟ್ಟಿದ ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ನಷ್ಟ ಬಲೆ ಬೀಸುವವನಿಗೆ.

ನಷ್ಟ ರೈತನಿಗೂ ಇದೆ. ಯೂರಿಯಾದಲ್ಲಿರುವ ಸಾರಜನಕ ನೂರಕ್ಕೆ 46 ಭಾಗ. ಭತ್ತದ ಗದ್ದೆಯಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಪೈರಿಗೆ ದಕ್ಕುವುದಿಲ್ಲ. ಉಳಿದದ್ದು ಗಾಳಿಗೆ, ನೀರಿಗೆ ಹೋಗುತ್ತದೆ.

ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿಯೇ ಗೊಬ್ಬರ ಹಾಕಿರಿ. ಯೂರಿಯಾವನ್ನು ಒಮ್ಮೆಲೇ ಸುರಿಯದೆ ಎರಡು ಮೂರು ಕಂತುಗಳಲ್ಲಿ ಕೊಡಿರಿ. ಜಡಿಮಳೆಯ ಸೂಚನೆಯಿದ್ದರೆ ಅಂದು ಬೇಡ. ಬದುಗಳನ್ನು ಭದ್ರಪಡಿಸಿರಿ. ತಿಪ್ಪೆಗುಂಡಿ ಹಳ್ಳದ ದಡದಲ್ಲಿರದಂತೆ ನೋಡಿಕೊಳ್ಳಿರಿ.

ಕರಾವಳಿಯವರು ಹಿಂದೆ ಬೂತಾಯಿ ಮೀನನ್ನೇ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ನೆಲ ಕೊಟ್ಟದ್ದನ್ನು ಕಡಲು ಅಷ್ಟಿಷ್ಟು ಹಿಂದಿರುಗಿಸುತ್ತಿತ್ತು. ಆದರೆ ನಿಮ್ಮ ಹೊಲದಿಂದ ಕೊಚ್ಚಿಹೋದ ಯೂರಿಯಾ ನಿಮ್ಮ ಹೊಲಕ್ಕೆ ಮರಳಿ ಬರುವುದಿಲ್ಲ. ಅದನ್ನು ಪೈರಿನ ಬುಡದಲ್ಲೇ ಉಳಿಸಿಕೊಳ್ಳುವುದು ಜಾಣತನ.