ಗಾಯಗೊಂಡ ಮಿದುಳು ಹೆಣ್ಣಿನದೋ ಗಂಡಿನದೋ?

ತಲೆಗೆ ಪೆಟ್ಟು ಬಿದ್ದ ಕ್ಷಣದಲ್ಲೇ ಸತ್ತ ನರಕೋಶಗಳನ್ನು ಯಾವ ವೈದ್ಯರೂ ಉಳಿಸಲಾರರು. ಆದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಗಂಟೆಗಳಲ್ಲಿ ಮಿದುಳು ಊದಿಕೊಳ್ಳುತ್ತದೆ, ಉರಿಯೂತ ಹೆಚ್ಚುತ್ತದೆ, ಪೆಟ್ಟೇ ತಾಗದ ಕೋಶಗಳೂ ಸಾಯತೊಡಗುತ್ತವೆ. ಈ ಎರಡನೆಯ ಸುತ್ತಿನ ಸಾವನ್ನು ತಡೆಯುವ ಮದ್ದಿಗಾಗಿ ದಶಕಗಳಿಂದ ಹುಡುಕಾಟ ನಡೆದಿದೆ.

ಅಮೆರಿಕದ ನರವಿಜ್ಞಾನಿ ಡೊನಾಲ್ಡ್ ಸ್ಟೈನ್ ಅವರ ಪ್ರಯೋಗಾಲಯಕ್ಕೆ ಇಲಿಗಳು ಒಂದು ಸುಳಿವು ಕೊಟ್ಟವು. ಗಾಯ ಒಂದೇ ಬಗೆಯದಾದರೂ ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತುಂಬಿದ್ದ, ಅಂದರೆ ಹುಸಿಗರ್ಭದ ಸ್ಥಿತಿಯಲ್ಲಿದ್ದ ಇಲಿಗಳ ಮಿದುಳಂತೂ ತೀರಾ ಕಡಿಮೆ ಊದಿತು. ಆ ಹಾರ್ಮೋನನ್ನು ಚುಚ್ಚಿ ಕೊಟ್ಟಾಗ ಗಂಡಿಲಿಗಳಲ್ಲೂ ಊತ ಇಳಿಯಿತು. 2007ರಲ್ಲಿ ಪ್ರಕಟವಾದ, 100 ರೋಗಿಗಳ ಪುಟ್ಟ ಪ್ರಯೋಗದಲ್ಲಿ ಪ್ರೊಜೆಸ್ಟರಾನ್ ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ಎಷ್ಟೋ ಕುಟುಂಬಗಳ ಪಾಲಿಗೆ ಅದು ದೊಡ್ಡ ಆಸೆ.

2014ರಲ್ಲಿ ಆ ಆಸೆ ಮುರಿಯಿತು. ಒಂದರಲ್ಲಿ 882, ಇನ್ನೊಂದರಲ್ಲಿ 1195 ರೋಗಿಗಳಿದ್ದ ಎರಡು ದೊಡ್ಡ ಪ್ರಯೋಗಗಳಲ್ಲಿ ಔಷಧಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗಾಲಯದ ಇಲಿಗಳ ತಳಿ, ವಯಸ್ಸು, ಗಾಯ ಎಲ್ಲವೂ ಒಂದೇ. ಅಪಘಾತದಲ್ಲಿ ಬಿದ್ದ ಮನುಷ್ಯರದು ಹಾಗಲ್ಲ.

ಇನ್ನೊಂದು ಹಾರ್ಮೋನಾದ ಈಸ್ಟ್ರೋಜನ್ ಕತೆಯೂ ಇಷ್ಟೇ ನೋವಿನದು. ಪ್ರಾಣಿಗಳಲ್ಲಿ ಅದು ಪಾರ್ಶ್ವವಾಯುವಿನ ಹಾನಿಯನ್ನು ತಗ್ಗಿಸಿತ್ತು. ಆದರೆ ಮುಟ್ಟು ನಿಂತ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಬೃಹತ್ ಅಧ್ಯಯನದಲ್ಲಿ ಈಸ್ಟ್ರೋಜನ್ ಮಾತ್ರೆ ಪಾರ್ಶ್ವವಾಯುವಿನ ಅಪಾಯವನ್ನೇ ಹೆಚ್ಚಿಸಿತು. 2004ರಲ್ಲಿ ಆ ಪ್ರಯೋಗ ನಿಂತಿತು. ಹಾರ್ಮೋನು ಎಷ್ಟು ಎಂಬುದರ ಜತೆಗೆ, ಯಾವ ವಯಸ್ಸಿನಲ್ಲಿ ಶುರುಮಾಡಿದರು ಎಂಬುದೂ ಮುಖ್ಯವಿರಬೇಕು ಎಂಬ ವಾದ ಅಲ್ಲಿಂದ ಬಲವಾಯಿತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟಿದ್ದು ಬೇರೆಯದೇ ಸಂಗತಿ. ಹೊರಗಿನ ಹಾರ್ಮೋನಿನ ಸೋಂಕಿಲ್ಲದೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳೂ ಲಿಂಗಕ್ಕೆ ತಕ್ಕಂತೆ ಬೇರೆಬೇರೆ ದಾರಿಯಲ್ಲಿ ಸಾಯುತ್ತವೆ. ಗಂಡು ಕೋಶದ ಸಾವಿನಲ್ಲಿ ‘ಪಾರ್ಪ್’ ಎಂಬ ಕಿಣ್ವದ ಕೈ ಹೆಚ್ಚು, ಹೆಣ್ಣು ಕೋಶದಲ್ಲಿ ‘ಕ್ಯಾಸ್ಪೇಸ್’ ಕಿಣ್ವಗಳದು. ಪಾರ್ಪ್ ಇಲ್ಲದಂತೆ ಮಾಡಿದ ಗಂಡಿಲಿಗಳಲ್ಲಿ ಪಾರ್ಶ್ವವಾಯುವಿನ ಹಾನಿ ಕುಗ್ಗಿತು, ಹೆಣ್ಣುಗಳಲ್ಲಿ ಹಿಗ್ಗಿತು! ಎರಡರ ಸರಾಸರಿ ತೆಗೆದಿದ್ದರೆ ಪಾರ್ಪ್ ತಡೆಯುವುದರಿಂದ ಗುಣವೂ ಇಲ್ಲ, ದೋಷವೂ ಇಲ್ಲ ಎಂದೇ ಕಾಣುತ್ತಿತ್ತು.

ಹೀಗಿದ್ದೂ ನರವಿಜ್ಞಾನದ ಪ್ರಯೋಗಗಳು ಬಹುಕಾಲ ಹೆಚ್ಚಾಗಿ ಗಂಡು ಪ್ರಾಣಿಗಳ ಮೇಲೆಯೇ ನಡೆದವು. ಹೆಣ್ಣಿನ ಋತುಚಕ್ರ ಲೆಕ್ಕ ಕೆಡಿಸುತ್ತದೆ ಎಂಬುದು ನೆಪ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಾವು ಹಣ ಕೊಡುವ ಪ್ರಾಣಿ ಸಂಶೋಧನೆಗಳಲ್ಲಿ ಎರಡೂ ಲಿಂಗಗಳನ್ನು ಗಣಿಸಬೇಕೆಂಬ ನಿಯಮವನ್ನು ಜಾರಿಗೆ ತಂದದ್ದು 2016ರಲ್ಲಿ. ಪ್ರೊಜೆಸ್ಟರಾನ್ ಪ್ರಯೋಗಗಳು ಸೋತು ಆಗಲೇ ಒಂದು ವರ್ಷಕ್ಕೂ ಮೇಲಾಗಿತ್ತು.