ಗಂಟಲು ನೋವು ವಾಸಿಯಾದ ಮೇಲೂ ಬರುವ ಕಾಯಿಲೆಗಳು

ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಮಕ್ಕಳಲ್ಲಿ ಗಂಟಲು ನೋವು, ಜ್ವರ, ಚರ್ಮದ ಹುಣ್ಣು ತರುತ್ತದೆ. ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಅಪರೂಪಕ್ಕೆ, ಸೋಂಕು ಇಳಿದ ಮೇಲೆ ರೋಗನಿರೋಧಕ ವ್ಯವಸ್ಥೆಯೇ ಮಗುವಿನ ದೇಹದ ಮೇಲೆ ಎರಗುತ್ತದೆ. ಈ ಬ್ಯಾಕ್ಟೀರಿಯಾದ ಎಂ ಪ್ರೋಟೀನ್ ಹೃದಯದ ಕೆಲವು ಪ್ರೋಟೀನ್‌ಗಳನ್ನು ಹೋಲುವುದು ಇದಕ್ಕೆ ಒಂದು ಕಾರಣ.

ಹೀಗೆ ಬರುವ ಕಾಯಿಲೆಗಳಲ್ಲಿ ಮೊದಲನೆಯದು ರುಮ್ಯಾಟಿಕ್ ಜ್ವರ. ಇದು 5ರಿಂದ 15 ವರ್ಷದವರಲ್ಲಿ ಹೆಚ್ಚು. ಗಂಟಲು ನೋವಾಗಿ 2–3 ವಾರಕ್ಕೆ ಮೊಣಕಾಲು ಊದುತ್ತದೆ; ಅಲ್ಲಿ ಇಳಿಯುವಷ್ಟರಲ್ಲಿ ಮೊಣಕೈ ಹಿಡಿಯುತ್ತದೆ. ಗಂಟಿನ ನೋವು ಹೋಗುತ್ತದೆ, ಆದರೆ ಹೃದಯದ ಕವಾಟಕ್ಕಾದ ಹಾನಿ ಉಳಿಯಬಹುದು.

ಎರಡನೆಯದು ಸಿಡೆನ್‌ಹ್ಯಾಮ್ ಕೊರಿಯಾ. ಇದು ಮಿದುಳಿಗೆ ತಗಲುವ ರುಮ್ಯಾಟಿಕ್ ಜ್ವರದ ರೂಪ. ಕೈಕಾಲು ತನ್ನಿಂತಾನೇ ಅಲುಗುತ್ತವೆ. ಅಕ್ಷರ ಸೊಟ್ಟಗಾಗುತ್ತದೆ, ಲೋಟ ಕೈಜಾರುತ್ತದೆ. ಇದು ಮಗುವಿನ ತುಂಟತನವಲ್ಲ.

ಮೂರನೆಯದು ಮೂತ್ರಪಿಂಡದ ಉರಿಯೂತ. ಚರ್ಮದ ಹುಣ್ಣಿನ ನಂತರವೂ ಬರುತ್ತದೆ. ಬೆಳಿಗ್ಗೆ ಮುಖ ಊದಿರುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ರಕ್ತದೊತ್ತಡ ಏರುತ್ತದೆ. ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಪತ್ತೆಗೆ, ಸ್ಟ್ರೆಪ್ಟೊಕಾಕಸ್ ಸೋಂಕು ಆಗಿತ್ತೇ ಎಂದು ತೋರಿಸುವ ಎಎಸ್ಒ ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಹೃದಯದ ಎಕೋ ನೆರವಾಗುತ್ತವೆ. ರುಮ್ಯಾಟಿಕ್ ಜ್ವರ ಬಂದವರಿಗೆ 3–4 ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು.

ಉಡುಪಿ ಜಿಲ್ಲೆಯ ಕಾಪು, ಕಾರ್ಕಳದ ಮನೆಗಳಲ್ಲಿ ಇಂಥ ಲಕ್ಷಣ ಕಂಡರೆ ಮೊದಲು ಹತ್ತಿರದ ವೈದ್ಯರನ್ನು ಕಾಣಬೇಕು. ಹೆಚ್ಚಿನ ತಪಾಸಣೆಗೆ ಉಡುಪಿ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಇವೆ. ಗಂಟಲು ನೋವಿಗೆ ವೈದ್ಯರು ಆ್ಯಂಟಿಬಯೋಟಿಕ್ ಬರೆದುಕೊಟ್ಟರೆ, ಜ್ವರ ಬಿಟ್ಟಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.