ಊಟಕ್ಕೆ ಮೊದಲು ಅರ್ಧ ಗಂಟೆ



2019ರ ಯುಗಾದಿ ಕಾರ್ಯಕ್ರಮಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಊಟದ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ತಟ್ಟೆಯ ಸಮೇತ ಕುಸಿದು ಬಿದ್ದರು. ಸುತ್ತ ಇನ್ನೂರಕ್ಕೂ ಹೆಚ್ಚು ಜನ, ಅದರಲ್ಲಿ ಮುಕ್ಕಾಲು ಪಾಲು ನಮ್ಮಂಥ ಇಂಜಿನಿಯರುಗಳು! ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಇನ್ನೊಬ್ಬರು ಅಡುಗೆಮನೆಗೆ ಓಡಿ ಈರುಳ್ಳಿ ತಂದು ಮೂಸಿಸಿದರು. "ಗಾಳಿ ಬಿಡಿ, ಗಾಳಿ ಬಿಡಿ" ಎಂದು ಕೂಗುತ್ತಿದ್ದವರೇ ಎಲ್ಲರಿಗಿಂತ ಹತ್ತಿರ ನಿಂತಿದ್ದರು. ಅಷ್ಟರಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಗುಂಪಿನೊಳಗೆ ತೂರಿ ಬಂದು ಕೇಳಿದಳು: "ಅಂಕಲ್, ಉಸಿರಿದೆಯಾ ಅಂತ ಯಾರಾದರೂ ನೋಡಿದ್ರಾ? 911ಗೆ ಫೋನ್ ಮಾಡಿದ್ರಾ?"

ಯಾರೂ ನೋಡಿರಲಿಲ್ಲ. ಫೋನನ್ನು ಬೇರೆ ಯಾರೋ ಮಾಡಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಪುಣ್ಯಕ್ಕೆ ಅದು ಬರೀ ತಲೆಸುತ್ತು. ಹಬ್ಬವೆಂದು ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಅವರೇ ಕಣ್ಣು ಬಿಟ್ಟು ಎದ್ದು ಕೂತು, ಸ್ವಲ್ಪ ಹೊತ್ತಿನ ಮೇಲೆ ಹೋಳಿಗೆಯನ್ನೂ ತಿಂದರು. ಆದರೆ ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಿಜಕ್ಕೂ ಹೃದಯ ನಿಂತಿದ್ದರೆ?

ನಾವಿರುವುದು ಸಿಯಾಟಲ್‌ನಲ್ಲಿ ಎಂಬುದನ್ನು ನೆನೆದರೆ ಇನ್ನಷ್ಟು ನಾಚಿಕೆಯಾಗುತ್ತದೆ. ಸಾಮಾನ್ಯ ಜನರಿಗೆ ದೊಡ್ಡ ಪ್ರಮಾಣದಲ್ಲಿ ಸಿ.ಪಿ.ಆರ್. ಕಲಿಸುವ ಪ್ರಯತ್ನ ಮೊಟ್ಟಮೊದಲು ನಡೆದ ಊರುಗಳಲ್ಲಿ ಇದೂ ಒಂದು. 1970ರಲ್ಲಿ ಹೃದ್ರೋಗ ತಜ್ಞ ಡಾ. ಲಿಯೊನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ ಇಲ್ಲಿ 'ಮೆಡಿಕ್ ಒನ್' ಎಂಬ ತುರ್ತು ಸೇವೆ ಶುರು ಮಾಡಿದರು. ಗಾಡಿ ಎಷ್ಟೇ ವೇಗವಾಗಿ ಬಂದರೂ ಅದು ಬರುವ ಮುಂಚಿನ ಕೆಲವು ನಿಮಿಷ ರೋಗಿಯ ಪಕ್ಕದಲ್ಲಿರುವುದು ಅಕ್ಕಪಕ್ಕದ ಜನ ಮಾತ್ರ ಎಂಬುದು ಅವರಿಗೆ ಬೇಗನೆ ಅರ್ಥವಾಯಿತು. ಆ ದಶಕದ ಆರಂಭದಲ್ಲೇ 'ಮೆಡಿಕ್ ಟೂ' ಎಂಬ ಹೆಸರಿನಲ್ಲಿ ಊರಿನ ಒಂದು ಲಕ್ಷ ಜನರಿಗೆ ಕಲಿಸುವ ಗುರಿ ಇಟ್ಟುಕೊಂಡರು. ಇದನ್ನು ವೈದ್ಯರ ಕೈಯಿಂದ ಜನರ ಕೈಗೆ ಕೊಡಬಾರದು ಎಂದು ಆಗ ಅನೇಕ ವೈದ್ಯರೇ ಹೇಳುತ್ತಿದ್ದ ಕಾಲ! ಇಂದು ನಮ್ಮ ಕಿಂಗ್ ಕೌಂಟಿಯಲ್ಲಿ, ಯಾರಾದರೂ ಕಣ್ಣಾರೆ ಕಂಡ, ಷಾಕ್‌ನಿಂದ ಸರಿಹೋಗಬಲ್ಲ ಬಗೆಯ ಹೃದಯಸ್ತಂಭನವಾದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಬದುಕಿ ಮನೆಗೆ ಹೋದ ವರ್ಷಗಳಿವೆ. ಅಂಥ ಊರಿನಲ್ಲಿ ಮನೆ ಕಟ್ಟಿಕೊಂಡು ನಾವು ಈರುಳ್ಳಿ ಹುಡುಕುತ್ತಿದ್ದೆವು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹಾರ್ಟ್ ಅಟ್ಯಾಕ್ ಬೇರೆ, ಹೃದಯಸ್ತಂಭನ ಬೇರೆ. ಮೊದಲನೆಯದು ಕೊಳಾಯಿಯ ಸಮಸ್ಯೆ: ರಕ್ತನಾಳ ಕಟ್ಟಿಕೊಂಡಿದೆ, ಎದೆ ನೋಯುತ್ತಿದೆ, ಆದರೆ ಮನುಷ್ಯ ಮಾತಾಡುತ್ತಿರುತ್ತಾನೆ. ಅವನಿಗೆ ಸಿ.ಪಿ.ಆರ್. ಬೇಡ, 911 ಬೇಕು. ಎರಡನೆಯದು ಕರೆಂಟಿನ ಸಮಸ್ಯೆ: ಹೃದಯದ ವಿದ್ಯುತ್ ಲಯ ತಪ್ಪಿ ಅದು ಸುಮ್ಮನೆ ನಡುಗತೊಡಗುತ್ತದೆ, ರಕ್ತ ಹರಿಯುವುದಿಲ್ಲ, ಮನುಷ್ಯ ಕುಸಿಯುತ್ತಾನೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ರಕ್ತವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳು ಹಾಳಾಗಲು ಶುರು. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಎದೆ ಒತ್ತುವುದೆಂದರೆ ಆ ಹೊತ್ತಿಗೆ ಹೃದಯದ ಪಂಪಿನ ಕೆಲಸವನ್ನು ನಮ್ಮ ಕೈಯಿಂದ ಮಾಡುವುದು. ಗೋಡೆಗೆ ತೂಗುಹಾಕಿರುವ ಎ.ಇ.ಡಿ. ಯಂತ್ರ ಕೊಡುವ ಷಾಕ್ ನಮ್ಮ ಭಾಷೆಯಲ್ಲಿ ಹೇಳುವುದಾದರೆ ರೀಬೂಟ್. ಆ ಅಡ್ಡಾದಿಡ್ಡಿ ಲಯವನ್ನು ಒಮ್ಮೆ ನಿಲ್ಲಿಸಿ, ಹೃದಯ ತಾನಾಗಿ ಮತ್ತೆ ಶುರುವಾಗಲು ಅವಕಾಶ ಕೊಡುತ್ತದೆ.

(ಇಂಜಿನಿಯರುಗಳು ಸ್ವಲ್ಪ ಬೀಗಬಹುದಾದ ಸಂಗತಿಯೊಂದಿದೆ. 1960ರಲ್ಲಿ ಎದೆ ಒತ್ತುವ ಈ ವಿಧಾನವನ್ನು ಪ್ರಕಟಿಸಿದ ಜಾನ್ಸ್ ಹಾಪ್ಕಿನ್ಸ್‌ನ ಮೂವರಲ್ಲಿ ಹಿರಿಯರಾದ ಕೌವೆನ್‌ಹೋವೆನ್ ಅವರು ಎಲೆಕ್ಟ್ರಿಕಲ್ ಇಂಜಿನಿಯರ್!)

ಯುಗಾದಿಯ ಘಟನೆಯ ನಂತರ "ಮಾಡೋಣ, ಮಾಡೋಣ" ಎನ್ನುತ್ತಲೇ ವರ್ಷ ಕಳೆಯಿತು. ಅಷ್ಟರಲ್ಲಿ ಕೋವಿಡ್ ಬಂತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ನಮ್ಮ ಫೋನುಗಳಿಗೆ ಬಂದಾಗ ಮತ್ತೆ ಎಲ್ಲರಿಗೂ ನೆನಪಾಯಿತು. ನಮ್ಮಲ್ಲಿ ಹಲವರು ಅದೇ ವಯಸ್ಸಿನವರು. ದಕ್ಷಿಣ ಏಷ್ಯಾದವರಿಗೆ ಹೃದಯದ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತದೆ ಎಂದು ವೈದ್ಯ ಮಿತ್ರರು ಹೇಳುತ್ತಲೇ ಇದ್ದರು.

2022ರಲ್ಲಿ ಮೊದಲ ಶಿಬಿರ ಮಾಡಿ ಚೆನ್ನಾಗಿ ಸೋತೆವು. ತಪ್ಪು ನಮ್ಮದೇ. ನಲವತ್ತು ಸ್ಲೈಡುಗಳ ಪವರ್‌ಪಾಯಿಂಟ್, ಹೃದಯದ ನಾಲ್ಕು ಕೋಣೆಗಳ ಚಿತ್ರ, ಕೊನೆಗೆ ನಾಲ್ಕು ಗೊಂಬೆ, ಎಂಬತ್ತು ಜನ. ಅದೂ ಬಿಸಿಬೇಳೆಬಾತಿನ ಊಟವಾದ ಮೇಲೆ! ಗೊಂಬೆಯ ಸರದಿ ಬರುವ ಹೊತ್ತಿಗೆ ಅರ್ಧ ಜನ ಕಾರ್ ಪಾರ್ಕಿನಲ್ಲಿದ್ದರು, ಉಳಿದವರು ಆಕಳಿಸುತ್ತಿದ್ದರು.

ಮುಂದಿನ ವರ್ಷ ಎಲ್ಲವನ್ನೂ ತಿರುಗಿಸಿದೆವು. ಸ್ಲೈಡ್ ಒಂದೂ ಇಲ್ಲ, ಊಟಕ್ಕೆ ಮೊದಲು ಅರ್ಧ ಗಂಟೆ ಮಾತ್ರ. ನಿಧಿಸಂಗ್ರಹದ ಒಂದು ಪಾಲಿನಿಂದ ಕೊಂಡ ಗೊಂಬೆಗಳು, ಸಾಲ ತಂದವು ಸೇರಿ ಇಪ್ಪತ್ತು. ಒಂದು ಗೊಂಬೆಗೆ ಮೂವರು: ಒಬ್ಬರು ಒತ್ತುವುದು, ಒಬ್ಬರು 911ಗೆ ಫೋನ್ ಮಾಡುವ ಅಭಿನಯ, ಒಬ್ಬರು ಎ.ಇ.ಡಿ. ತರಲು ಓಡುವುದು. ಎರಡು ನಿಮಿಷಕ್ಕೊಮ್ಮೆ ಕೆಲಸ ಬದಲು (ನಿಜವಾದ ಸಂದರ್ಭದಲ್ಲೂ ಒತ್ತುವವರು ಹೀಗೆ ಬದಲಾಗಬೇಕು, ದಣಿದ ಕೈ ಆಳಕ್ಕೆ ಒತ್ತುವುದಿಲ್ಲ). ಪ್ರಮಾಣಪತ್ರವಿರುವ ತರಬೇತುದಾರರಿಬ್ಬರು ವೇದಿಕೆಯ ಮೇಲೆ. ನಮ್ಮ ವೈದ್ಯರು, ನರ್ಸ್‌ಗಳು ಸಾಲುಗಳ ನಡುವೆ. ಹೀಗೆ ಒಂದು ಸಲಕ್ಕೆ ಅರವತ್ತು ಜನ, ಎರಡು ತಂಡ.

ಹೇಳಿಕೊಡುವುದು ಇಷ್ಟೇ. ಬಿದ್ದವರ ಭುಜ ತಟ್ಟಿ ಕೂಗಿ. ಉತ್ತರವಿಲ್ಲ, ಸಹಜ ಉಸಿರಾಟವಿಲ್ಲ ಎಂದಾದರೆ 911. ಫೋನನ್ನು ಸ್ಪೀಕರಿಗೆ ಹಾಕಿ ಕೆಳಗಿಡಿ. ಹಾಸಿಗೆಯ ಮೇಲಿದ್ದರೆ ನೆಲಕ್ಕೆ ಇಳಿಸಿ. ಎದೆಯ ನಡುವೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೇರ. ಎರಡು ಇಂಚಿನಷ್ಟು ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಕಣ್ಣೆದುರು ಹಠಾತ್ತನೆ ಕುಸಿದ ವಯಸ್ಕರಿಗೆ, ತರಬೇತಿ ಇಲ್ಲದವರು ಬಾಯಿಗೆ ಬಾಯಿಟ್ಟು ಉಸಿರು ಕೊಡದೆ ಬರೀ ಒತ್ತಿದರೂ ಸಾಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೇಳಿತು. ಮಕ್ಕಳಿಗೆ, ನೀರಿನಲ್ಲಿ ಮುಳುಗಿದವರಿಗೆ ಉಸಿರು ಕೊಡುವುದೂ ಮುಖ್ಯ. ಅದನ್ನು ಕಲಿಯಲು ಪೂರ್ಣ ತರಗತಿಗೆ ಹೋಗಬೇಕು.

ಇದರಲ್ಲಿ ಜನ ತಪ್ಪುವುದು 'ಉಸಿರಿದೆಯೇ' ಎಂಬಲ್ಲಿ. ಹೃದಯ ನಿಂತ ಮೇಲೂ ಕೆಲವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಉಸಿರೆಳೆಯುತ್ತಾರೆ. ಅದು ಉಸಿರಾಟವಲ್ಲ. "ಉಸಿರಾಡ್ತಿದ್ದಾರಲ್ಲ" ಎಂದು ಸುಮ್ಮನಾದರೆ ಮುಗಿಯಿತು. ಆದ್ದರಿಂದ ತರಬೇತುದಾರರು ಆ ಸದ್ದನ್ನೇ ಮಾಡಿ ತೋರಿಸುತ್ತಾರೆ. ಮೊದಲು ಮಕ್ಕಳು ನಗುತ್ತಾರೆ, ಆಮೇಲೆ ಮರೆಯುವುದಿಲ್ಲ.

ತಾಳದ ವಿಷಯಕ್ಕೆ ಬಂದರೆ, ಇಲ್ಲಿಯವರು 'ಸ್ಟೇಯಿಂಗ್ ಅಲೈವ್' ಹಾಡಿನ ಲಯಕ್ಕೆ ಒತ್ತಿ ಎನ್ನುತ್ತಾರೆ. ನಮ್ಮ ಅಪ್ಪ ಅಮ್ಮಂದಿರಿಗೆ ಆ ಹಾಡೆಲ್ಲಿ ಗೊತ್ತು? ಕನ್ನಡದಲ್ಲಿ ಎಣಿಸಿ ಎಂದೆವು. ಹತ್ತರವರೆಗೆ ಸರಿ, 'ಹನ್ನೊಂದು, ಹನ್ನೆರಡು' ಬರುತ್ತಲೇ ವೇಗ ಕುಂಟತೊಡಗಿತು! ಕೊನೆಗೆ ದಾರಿ ತೋರಿಸಿದವರು ನಮ್ಮ ಸಂಗೀತದ ಮೇಷ್ಟ್ರು. ನಿಮಿಷಕ್ಕೆ ಹದಿನಾಲ್ಕು ಆವರ್ತನ ಬರುವಂತೆ ಆದಿತಾಳ ಹಾಕಿ, ಪ್ರತಿ ಎಣಿಕೆಗೂ ಒಂದು ಒತ್ತು ಎಂದರು. ಎಂಟು ಹದಿನಾಲ್ಕಲಿ 112. ಈಗ ಅರವತ್ತು ಜನ ಒಟ್ಟಿಗೆ ಅದೇ ತಾಳಕ್ಕೆ ಒತ್ತುತ್ತಾರೆ.

ಕೈ ಕಲಿಯುವುದು ಸುಲಭ, ಹಿಂಜರಿಕೆ ಬಿಡುವುದು ಕಷ್ಟ. ನಾವು ಅರ್ಧ ಗಂಟೆ ಮೀಸಲಿಟ್ಟಿರುವುದು ನಿಜವಾಗಿ ಇದಕ್ಕೇ. ಪಕ್ಕೆಲುಬು ಮುರಿದರೆ? ಮುರಿಯಬಹುದು, ಆದರೆ ಮೂಳೆ ಕೂಡಿಕೊಳ್ಳುತ್ತದೆ. ಕೇಸ್ ಹಾಕಿದರೆ? ಒಳ್ಳೆಯ ಉದ್ದೇಶದಿಂದ ನೆರವಾಗುವವರಿಗೆ ಇಲ್ಲಿ ಕಾನೂನಿನ ರಕ್ಷಣೆಯಿದೆ. ಬಿದ್ದವರು ಹೆಂಗಸಾದರೆ? ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ಎತ್ತುತ್ತೇವೆ. ಸಾರ್ವಜನಿಕ ಸ್ಥಳದಲ್ಲಿ ಗಂಡಸರಿಗಿಂತ ಹೆಂಗಸರಿಗೆ ಈ ನೆರವು ಸಿಗುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಒಂದು ಗೊಂಬೆಗೆ ಸೀರೆ ಉಡಿಸಿಡುತ್ತೇವೆ.

ಇನ್ನೊಂದು ಮಾತು. ಇಂಥ ಘಟನೆಗಳಲ್ಲಿ ಹತ್ತಕ್ಕೆ ಏಳರಷ್ಟು ಆಗುವುದು ಮನೆಯಲ್ಲೇ. ಹಗಲು ಹೊತ್ತು ನಮ್ಮ ಮನೆಗಳಲ್ಲಿ ಇರುವವರು ಯಾರು? ಊರಿನಿಂದ ಬಂದಿರುವ ಅಪ್ಪ, ಅಮ್ಮ. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರೇ ದಿಕ್ಕು. "ನಮಗ್ಯಾಕಪ್ಪಾ ಈ ವಯಸ್ಸಿನಲ್ಲಿ" ಎನ್ನುವವರನ್ನು ನಾವು ಮೊದಲ ಸಾಲಿಗೇ ಕರೆಯುತ್ತೇವೆ. ಮಂಡಿ ಊರಲಾಗದವರಿಗೆ ಗೊಂಬೆಯನ್ನು ತಗ್ಗು ಮೇಜಿನ ಮೇಲಿಟ್ಟು ತೋರಿಸುತ್ತೇವೆ. 'ನಾಟ್ ಬ್ರೀದಿಂಗ್' ಎಂಬೆರಡು ಪದ ಮತ್ತು ಮನೆಯ ವಿಳಾಸ, ಇಷ್ಟು ಅವರಿಗೆ ಬಾಯಿಪಾಠ. ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಕೊಳ್ಳಿ. ಊರಿಗೆ ಮರಳಿದ ಮೇಲೆ ನಂಬರು 108 ಅಥವಾ 112.

ಕಲಿತದ್ದು ಕೆಲವೇ ತಿಂಗಳಲ್ಲಿ ಮಾಸುತ್ತದೆ, ಹಾಗಾಗಿ ಕಳೆದ ಸಲ ಬಂದವರೂ ಈ ಸಲ ಬನ್ನಿ. ಸೀರೆಗಿಂತ ಚೂಡಿದಾರ್ ಅನುಕೂಲ. ಹೋದ ವರ್ಷ ಹಾಸನದ ಕಡೆಯ ಅಜ್ಜಿಯೊಬ್ಬರು ಮೂರು ಸಲ ಸರದಿಗೆ ನಿಂತು ಒತ್ತಿದರು. ಆಮೇಲೆ "ಈ ಗೊಂಬೆ ಸೂಟ್‌ಕೇಸಿನಲ್ಲಿ ಹಿಡಿಸತ್ತಾ? ನಮ್ಮ ಭಜನೆ ಮಂಡಳಿಯವರಿಗೆ ತೋರಿಸಬೇಕಿತ್ತು" ಎಂದು ಕೇಳಿದರು. ಗೊಂಬೆ ಹಿಡಿಸಲಿಲ್ಲ. ಗಟ್ಟಿ ದಿಂಬಿನ ಮೇಲೂ ಅಭ್ಯಾಸ ಮಾಡಬಹುದು ಎಂದು ತೋರಿಸಿಕೊಟ್ಟೆವು.